ಬೆರಿಲ್ ಅಜ್ಜಿ ಬಿಟ್ಟ ಜಾಗ

"ನೆನಪೆಲ್ಲ ಅಳಿಸಿಹೋದ ಮೇಲೆ ಉಳಿಯೋದು ದೇಹ ಅಷ್ಟೇ. ಆ ಮನುಷ್ಯ ಆಗಲೇ ಹೊರಟುಹೋಗಿರ್ತಾನೆ. ಪ್ರತಿ ವಾರ ಹೂ ಹಿಡ್ಕೊಂಡು ಅಜ್ಜಿನ ನೋಡೋಕೆ ಹೋಗೋ ಮೊಮ್ಮಗಳು ನಿಜಕ್ಕೂ ನೋಡ್ತಿರೋದು ಒಬ್ಬ ಅಪರಿಚಿತಳನ್ನ."

ತರಗತಿಯ ಬಾಗಿಲಲ್ಲೇ ಟೆಗನ್ ನಿಂತುಬಿಟ್ಟಳು.

ಮಾತಾಡುತ್ತಿದ್ದವನು ಕಿಟಕಿಯ ಪಕ್ಕ ಕೂತಿದ್ದ. ಅವನೇ... ಅರ್ಧ ಗಂಟೆಯ ಹಿಂದೆ ಬಸ್ಸಿನ ಮೆಟ್ಟಿಲಲ್ಲಿ ನಿಂತು, ಓಡಿಬರುತ್ತಿದ್ದ ಅವಳಿಗಾಗಿ ಡ್ರೈವರನ್ನು ಕಾಯಿಸಿದವನು. "ತಲೆ ತುಂಬ ಹಿಟ್ಟಿದೆ ನೋಡಿ" ಎಂದು ನಕ್ಕು, ತನ್ನ ಸೀಟನ್ನೇ ಬಿಟ್ಟುಕೊಟ್ಟವನು.

'ಇವನಾ? ಇವನಿಗೋಸ್ಕರನಾ ನಾನು ಬಸ್ಸಿಳಿದು ಹತ್ತು ನಿಮಿಷ ಕನ್ನಡಿ ಮುಂದೆ ನಿಂತು ತಲೆ ಬಾಚಿದ್ದು?'

ಟೆಗನ್ ಪಾಸ್ಕೋ ಬೆಳಗಿನ ಜಾವದಿಂದ ಬೇಕರಿಯಲ್ಲಿ ಪೈ ಬೇಯಿಸಿ, ಆಮೇಲೆ ಹೋಬಾರ್ಟಿನ ವಿಶ್ವವಿದ್ಯಾಲಯದಲ್ಲಿ ಬಿ.ಎ. ಓದುವ ಹುಡುಗಿ. ವಯಸ್ಸು ಇಪ್ಪತ್ತನಾಲ್ಕು, ಮೂಗಿನ ತುದಿಯಲ್ಲೇ ಕೋಪ.

"ನಿನ್ನ ಹೆಸರೇನು?" ಎಂದಳು.

"ಡೂಗಲ್. ಡೂಗಲ್ ಮೆರಿಕ್."

"ಒಂದು ಕೆಲಸ ಮಾಡು ಡೂಗಲ್. ನ್ಯೂ ನಾರ್ಫಕ್‌ಗೆ ಹೋಗು. ನದಿ ಪಕ್ಕ ಒಂದು ವೃದ್ಧಾಶ್ರಮ ಇದೆ, ಬೆರಿಲ್ ಪಾಸ್ಕೋ ಅಂತ ಕೇಳು. ಎರಡು ವರ್ಷದ ಕೂಸಿಂದ ನನ್ನನ್ನ ಸಾಕಿದೋಳು. ಈಗ ನನ್ನ ಹೆಸರೂ ಗೊತ್ತಿಲ್ಲ ಅವಳಿಗೆ. ಧೈರ್ಯ ಇದ್ರೆ ಅವಳ ಮುಖ ನೋಡಿ ಹೇಳು, ನೀನು ಇಲ್ಲ ಅಂತ."

ಅವನ ಮುಖ ಸುಣ್ಣ ಬಳಿದಂತಾಯಿತು.

"ಟೆಗನ್, ಒಂದು ನಿಮಿಷ ಕೂತ್ಕೊಳಮ್ಮ. ಈ ಡಬ್ಬಿ ವಿಷಯ ನಿನಗಿನ್ನೂ..." ಎಂದು ಪಾಠ ಮಾಡುವ ಹಿಲರಿ ಮೇಜಿನ ಮೇಲಿದ್ದ ಹಳೆಯ ಬಿಸ್ಕತ್ತಿನ ಡಬ್ಬಿಯ ಕಡೆ ಕೈ ಚಾಚಿದರು.

ಟೆಗನ್ ಆಗಲೇ ಮೆಟ್ಟಿಲಿಳಿಯುತ್ತಿದ್ದಳು. ಆ ಒಂದು ನಿಮಿಷ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಬಿಡಿ.

---

ಮೊದಲ ವಾರ ಬೇರೆ ವಿಷಯ ತೆಗೆದುಕೊಂಡು, ಎರಡನೇ ವಾರ ತತ್ತ್ವಮೀಮಾಂಸೆಗೆ ಬದಲಾಯಿಸಿದ್ದಳು ಟೆಗನ್. ಬೇಕರಿಯ ಶೋನಾ ಆಡಿಕೊಂಡದ್ದೇ ಆಡಿಕೊಂಡದ್ದು.

"ಮೆಟಾಫಿಸಿಕ್ಸಾ? ಅದನ್ನ ಓದಿದ್ರೆ ಪೈ ಬೇಗ ಬೇಯುತ್ತೇನೆ ಮಾರಾಯ್ತಿ?"

ಟೆಗನ್ ನಕ್ಕು ಇನ್ನೊಂದು ತಟ್ಟೆ ಪೈ ಒಲೆಗೆ ಸರಿಸಿದ್ದಳು. ಅವಳಿಗೆ ಬೇಕಿದ್ದದ್ದು ಒಂದೇ ಒಂದು ಪ್ರಶ್ನೆಗೆ ಉತ್ತರ. ಅಜ್ಜಿ ಇನ್ನೂ ಅಲ್ಲಿದ್ದಾಳಾ? ಪ್ರತಿ ಭಾನುವಾರ ಪಕ್ಕದಲ್ಲಿ ಕೂತು ಅಂಗೈ ಉಜ್ಜುತ್ತೀನಲ್ಲ, ಆ ಪ್ರೀತಿ ಯಾರಿಗಾದರೂ ಮುಟ್ಟುತ್ತಾ? ಮನುಷ್ಯ ಅಂದರೆ ಏನು ಎಂದು ಕೇಳುವ ವಿಷಯವೇ ಅದಲ್ಲವೇ? ಅದಕ್ಕೇ ಬಂದಿದ್ದಳು. ಬಂದ ದಿನವೇ ಸಿಕ್ಕ ಉತ್ತರ ಮಾತ್ರ ಎದೆಗೆ ಚುಚ್ಚಿತ್ತು.

ವಿಷಯ ಬಿಡಲು ನಾಲ್ಕನೇ ವಾರದ ಶುಕ್ರವಾರ ಕೊನೆಯ ದಿನ. ಅರ್ಜಿ ತುಂಬಿ ಚೀಲದಲ್ಲಿಟ್ಟುಕೊಂಡಳು. ಮುಂದಿನ ತರಗತಿಗೆ ಹೋಗಲೇ ಇಲ್ಲ.

ಆ ವಾರದ ಭಾನುವಾರ ವೃದ್ಧಾಶ್ರಮದಲ್ಲಿ ಅಜ್ಜಿಯನ್ನು ನೋಡಿಕೊಳ್ಳುವ ಟೊಂಗಾದ ಲೋಸಾ ಅವಳನ್ನು ಕಂಡು ಕಣ್ಣು ಮಿಟುಕಿಸಿದಳು.

"ನಿನ್ನ ಹುಡುಗ ಎರಡು ಬುಧವಾರ ಬಂದಿದ್ದ. ಹೇಳಲೇ ಇಲ್ಲ ನೀನು, ಕಳ್ಳಿ."

"ಯಾವ ಹುಡುಗ?"

ಲೋಸಾ ಭೇಟಿ ಪುಸ್ತಕ ತೆರೆದು ತೋರಿಸಿದಳು. ಡೂಗಲ್ ಮೆರಿಕ್. ಬಂದ ಕಾರಣ... 'ಒಂದು ಮಾತು ಹೇಳಬೇಕಿದೆ.'

ಟೆಗನ್‌ಳ ಮೈ ಉರಿದುಹೋಯಿತು. 'ಅಯ್ಯೋ ಪಾಪಿ, ಹೇಳು ಅಂದರೆ ನಿಜವಾಗಲೂ ಹೇಳೋಕೆ ಬಂದನಾ?'

ಬುಧವಾರ ಬೇಕರಿಗೆ ರಜೆ ಹಾಕಿ ಹೊರಟಳು. ಅವನಿಗೆ ಚೆನ್ನಾಗಿ ಛೀಮಾರಿ ಹಾಕಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು.

ವೃದ್ಧರು ಹಗಲು ಹೊತ್ತು ಕೂರುವ ಕೋಣೆಯ ಬಾಗಿಲಿಗೆ ಬಂದಾಗ ಡೂಗಲ್ ಅಜ್ಜಿಯ ಸೋಫಾದ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಬೆರಿಲ್, ನನ್ನ ಹೆಸರು ಡೂಗಲ್. ಕೂತ್ಕೋಬಹುದಾ?"

"ನಿನ್ನನ್ನ ಎಲ್ಲೂ ನೋಡಿದ ಹಾಗಿಲ್ಲಪ್ಪ" ಎನ್ನುತ್ತಲೇ ಬೆರಿಲ್ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. "ಎಷ್ಟು ಸೊರಗಿದ್ದೀಯ. ಮನೇಲಿ ಯಾರೂ ಊಟ ಹಾಕಲ್ವಾ?"

"ನಮ್ಮ ಮನೆ ದೂರ, ಕ್ವೀನ್ಸ್‌ಟೌನು. ನಿಮಗೆ ಒಂದು ಮಾತು ಹೇಳೋಕೆ ಬಂದೆ."

ಟೆಗನ್ ಮುಷ್ಟಿ ಬಿಗಿದಳು.

"ನಿಮ್ಮ ಮೊಮ್ಮಗಳ ಮನಸ್ಸು ನೋಯಿಸಿದೀನಿ. ತಪ್ಪಾಯ್ತು."

"ನನಗೆ ಮೊಮ್ಮಗಳಿದ್ದಾಳಾ?"

"ಇದ್ದಾಳೆ. ಭಾರೀ ಜಗಳಗಂಟಿ."

ಬೆರಿಲ್ ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ನನ್ನೋಳೇ ಬಿಡು."

ಬಾಗಿಲ ಹಿಂದೆ ಟೆಗನ್ ಬಾಯಿಗೆ ಕೈ ಒತ್ತಿಕೊಂಡಳು. ನಗುವೋ ಅಳುವೋ, ಅವಳಿಗೇ ತಿಳಿಯಲಿಲ್ಲ. ಜೋಡಿಸಿಕೊಂಡು ಬಂದಿದ್ದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ಊಟದ ಗಂಟೆ ಹೊಡೆಯಿತು. ಡೂಗಲ್ ತೋಳು ಕೊಟ್ಟು ಅಜ್ಜಿಯನ್ನು ಊಟದ ಮನೆಯವರೆಗೆ ನಿಧಾನವಾಗಿ ನಡೆಸಿಕೊಂಡು ಹೋದ. ಕುರ್ಚಿ ಸಿಕ್ಕಿದೊಡನೆ ಅವಳು ಅವನತ್ತ ಕೈ ಬೀಸಿದಳು.

"ಥ್ಯಾಂಕ್ಸ್, ಡ್ರೈವರ್."

ಈ ಊರಲ್ಲಿ ಹಾಗೆ ಹೇಳದೆ ಯಾರೂ ಬಸ್ಸಿಳಿಯುವುದಿಲ್ಲ. ಮೂರು ವರ್ಷದ ಟೆಗನ್‌ಗೆ ಅದನ್ನು ಕಲಿಸಿದವಳೇ ಬೆರಿಲ್. ಹೇಳಲು ಮರೆತ ದಿನ ನಡುರಸ್ತೆಯಲ್ಲೇ ಕಿವಿ ಹಿಂಡಿದ್ದಳು. ಗಂಡನ ಹೆಸರು, ಮನೆಯ ದಾರಿ, ಎಲ್ಲ ಹೋಗಿ ಈ ಒಂದು ಮಾತು ಉಳಿದುಕೊಂಡಿತ್ತು.

---

ಹಜಾರದಲ್ಲಿ ಟೆಗನ್‌ಳನ್ನು ಕಂಡು ಡೂಗಲ್ ತಡವರಿಸಿದ.

"ನೀನೇ ಹೇಳಿದ್ದೆಯಲ್ಲ, ಬಂದು ಹೇಳು ಅಂತ... ಬಂದೆ. ಅವರ ಮುಖ ನೋಡಿದ ಮೇಲೆ ತಪ್ಪಾಯ್ತು ಅನ್ನೋದು ಬಿಟ್ಟು ಬೇರೆ ಮಾತೇ ಬರಲಿಲ್ಲ. ಅವರಿಗೆ ಹೇಳಿದ್ದು ನೆನಪಿರಲ್ಲ ಅಲ್ವಾ? ಅದಕ್ಕೆ ಪ್ರತಿ ಬುಧವಾರ ಬಂದು ಹೇಳ್ತೀನಿ."

"ಹಾಗಿದ್ರೆ ಕ್ಲಾಸಲ್ಲಿ ಯಾಕೆ ಹಾಗಂದೆ?"

"ಆ ಡಬ್ಬಿ ಟೆಗನ್. ಮೊದಲನೇ ವಾರ ಎಲ್ಲರೂ ಅದರಿಂದ ಒಂದೊಂದು ಚೀಟಿ ಎತ್ತಿದ್ವಿ. ಚೀಟಿಯಲ್ಲಿ ಬಂದ ಪಕ್ಷವನ್ನ ಪ್ರಾಣ ಕೊಟ್ಟು ವಾದಿಸಬೇಕು, ಅದು ನಮಗೆ ಇಷ್ಟ ಇರಲಿ ಬಿಡಲಿ. ನಾವು ನಂಬೋದೇನು ಅಂತ ಕೊನೇ ಕ್ಲಾಸ್ ತನಕ ಬಾಯಿ ಬಿಡಬಾರದು. ಹಿಲರಿಯ ಹಳೇ ಪದ್ಧತಿ."

ಟೆಗನ್‌ಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಚೀಟಿಯ ಮೇಲಿನ ಮಾತಿಗೆ ಮನುಷ್ಯನನ್ನೇ ದ್ವೇಷಿಸಿದ್ದಳು!

"ಹಾಗಾದ್ರೆ ನೀನು ನಂಬೋದೇನು?"

"ಕೊನೇ ಕ್ಲಾಸಲ್ಲಿ ಹೇಳ್ತೀನಿ. ಹಿಲರಿಗೆ ಮಾತು ಕೊಟ್ಟಿದೀನಿ."

"ಒಂಬತ್ತು ವಾರ ಕಾಯ್ಬೇಕಾ?"

"ಕಾಯ್ತೀಯಾ?"

ಟೆಗನ್ ಸೀದಾ ಊಟದ ಮನೆಗೆ ಹೋದಳು. ಚೀಲದಲ್ಲಿದ್ದ, ವಿಷಯ ಬಿಡುವ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಅಜ್ಜಿಯ ಟೀ ಕಪ್ಪಿನ ಅಡಿಗಿಟ್ಟಳು.

---

ತರಗತಿಗೆ ಮರಳಿ ಡಬ್ಬಿಯಿಂದ ಟೆಗನ್ ಎತ್ತಿದ ಚೀಟಿಯೂ ಅದೇ ಆಗಬೇಕೇ? ನೆನಪು ಹೋದವರು ಇಲ್ಲ ಎಂದು ಅವಳೇ ವಾದಿಸಬೇಕಾಯಿತು.

ಮೊದಲ ಸಲ ಎರಡು ಮಾತಾಡಿ ಕೂತುಬಿಟ್ಟಳು. ಡೂಗಲ್ ಗ್ರಂಥಾಲಯದಲ್ಲಿ ಎದುರು ಕೂತು, ಒಂದೊಂದೇ ಹೆಜ್ಜೆ ಬಿಡಿಸಿ ತೋರಿಸಿದ. ಅವಳು ಅತ್ತಾಗ ಸುಮ್ಮನೆ ಕರವಸ್ತ್ರ ಸರಿಸುತ್ತಿದ್ದ. ತಪ್ಪು ಕಂಡರೆ "ಇಲ್ಲಿ ಜಾರಿದೆ ನೋಡು" ಎನ್ನುತ್ತಿದ್ದ. ಅವಳು ಬೇಕರಿಯಿಂದ ಅವನಿಗೆಂದು ದಿನಾ ಒಂದು ಸ್ಕ್ಯಾಲಪ್ ಎಂಬ ಚಿಪ್ಪುಮೀನಿನ ಪೈ ಎತ್ತಿಟ್ಟು ತರತೊಡಗಿದಳು.

ದಿನಗಳು ಕಳೆದಂತೆ ಒಂದು ವಿಚಿತ್ರ ನಡೆಯಿತು. ಯಾವ ಮಾತನ್ನು ಯೋಚಿಸಲೂ ಹೆದರುತ್ತಿದ್ದಳೋ ಅದನ್ನೇ ವಾರವಾರ ಬಾಯಿಬಿಟ್ಟು ವಾದಿಸಿ ವಾದಿಸಿ, ಅದರ ಭಯ ಹೋಯಿತು. ಅದರಲ್ಲಿ ಎಲ್ಲಿ ಬಲ ಇದೆ, ಎಲ್ಲಿ ತೂತಿದೆ ಎಂದು ತಿಳಿಯಿತು. ಊರ ಹಿಂದಿನ ಬೆಟ್ಟದ ಮೇಲಿನ ಹಿಮ ಕರಗುವ ಹೊತ್ತಿಗೆ ಅವಳು ರಾತ್ರಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದಳು. ಈ ಓದಿಗೆ, ಹಿಲರಿಗೆ, ಎದುರು ಕೂತ ಆ ಸೊರಗಿದ ಹುಡುಗನಿಗೆ ಮನಸ್ಸು ತುಂಬಿ ಋಣಿಯಾಗಿದ್ದಳು.

ಕೊನೆಯ ತರಗತಿ. ಹಿಲರಿ ಡಬ್ಬಿಯನ್ನು ಬೋರಲು ಹಾಕಿದರು.

"ಈಗ ನಿಮ್ಮ ನಿಮ್ಮ ಮಾತು. ಟೆಗನ್, ನೀನು ಮೊದಲು."

ಟೆಗನ್ ಎದ್ದು ನಿಂತಳು. "ಯಾರೂ ಇಲ್ಲದ ಕಡೆಗೆ ಥ್ಯಾಂಕ್ಸ್ ಹೇಳೋಕಾಗಲ್ಲ. ನಾನು ಪ್ರತಿ ಭಾನುವಾರ ಅಜ್ಜಿಗೆ ಹೇಳ್ತೀನಿ, ನನ್ನನ್ನ ಸಾಕಿದ್ದಕ್ಕೆ. ಸಾಕಿದೋಳು ಅವಳೇ ಅಲ್ಲ ಅಂದ್ರೆ ನಾನು ಯಾರಿಗೆ ಹೇಳ್ತಿದೀನಿ? ನನಗೆ ಗೊತ್ತು, ಆ ಮಾತು ವಿಳಾಸ ತಪ್ಪಿಲ್ಲ. ಇದು ಪೂರ್ತಿ ಸಾಬೀತು ಅಲ್ಲ ಹಿಲರಿ. ಆದ್ರೆ ಇಷ್ಟು ಗೊತ್ತಾಗೋಕೆ ನನಗೆ ಈ ಕ್ಲಾಸೇ ಬೇಕಾಯ್ತು."

ಹಿಲರಿ ಕನ್ನಡಕ ತೆಗೆದು ಒರೆಸಿಕೊಂಡರು.

"ಡೂಗಲ್?"

"ಹನ್ನೊಂದು ಬುಧವಾರ ನಾನು ಬೆರಿಲ್‌ಗೆ ಹೆಸರು ಹೇಳಿದೀನಿ. ಒಂದು ಸಲಾನೂ ನೆನಪಿಟ್ಕೊಂಡಿಲ್ಲ. ಮೊದಲೆರಡು ವಾರ ನಾನು ಕೂರೋಕೆ ಬೇರೆ ಕುರ್ಚಿ ಎಳ್ಕೋಬೇಕಾಯ್ತು. ಮೂರನೇ ವಾರದಿಂದ, ಯಾರಪ್ಪ ನೀನು ಅಂತ ಕೇಳ್ತಾನೇ ಪಕ್ಕಕ್ಕೆ ಸರಿದು ಜಾಗ ಬಿಡ್ತಾರೆ. ನೆನಪು ಹೋಗಿದೆ, ಬೆರಿಲ್ ಹೋಗಿಲ್ಲ. ನಾನು ನಂಬೋದು ಅದು."

ಟೆಗನ್‌ಗೆ ಆ ಬುಧವಾರ ಕಣ್ಣ ಮುಂದೆ ಬಂತು. ತಾನು ಮುಷ್ಟಿ ಬಿಗಿದು ನಿಂತಿದ್ದಾಗ ಅಜ್ಜಿ ಸೋಫಾದಲ್ಲಿ ಸರಿದಿದ್ದಳು. ತಾನು ಅದನ್ನು ಕಂಡೂ ಗಮನಿಸಿರಲಿಲ್ಲ. ಕೆನ್ನೆಯ ಮೇಲೆ ಇಳಿದ ಕಣ್ಣೀರನ್ನು ಒರೆಸಿಕೊಳ್ಳಲೂ ಹೋಗಲಿಲ್ಲ.

---

ಬಸ್ ನಿಲ್ದಾಣದಲ್ಲಿ ಇಬ್ಬರೇ. ಡರ್ವೆಂಟ್ ನದಿಯ ಮೇಲಿಂದ ತಣ್ಣನೆ ಗಾಳಿ ಬೀಸುತ್ತಿತ್ತು.

"ನಾನು ನಂಬೋದು ಇನ್ನೊಂದಿತ್ತು" ಎಂದ ಡೂಗಲ್. "ಕ್ಲಾಸಲ್ಲಿ ಹೇಳೋ ಹಾಗಿರಲಿಲ್ಲ."

"ಯಾವ ಚೀಟಿಯಲ್ಲಿ ಬಂತು?"

"ಚೀಟಿ ಇಲ್ಲ. ತಲೆ ತುಂಬ ಹಿಟ್ಟು ಮೆತ್ಕೊಂಡು ನೀನು ಬಸ್ಸಿಗೆ ಓಡಿಬಂದ ದಿನವೇ ಗೊತ್ತಾಯ್ತು. ನಂಗೆ ನೀನು ಬೇಕು ಟೆಗನ್."

ಅವಳು ಅವನ ಕೋಟಿನ ತೋಳು ಹಿಡಿದಳು. ತುಂಬ ಹೊತ್ತು ಬಿಡಲಿಲ್ಲ.

"ಒಂದು ಪ್ರಶ್ನೆ" ಎಂದ ಅವನು ಮೆಲ್ಲಗೆ. "ವಯಸ್ಸಾದ ಮೇಲೆ, ಒಂದು ದಿನ... ನಿಂಗೆ ನಾನು ಯಾರು ಅಂತಾನೇ ಮರೆತುಹೋದ್ರೆ?"

"ಬಂದು ಹೆಸರು ಹೇಳು" ಎಂದಳು ಟೆಗನ್. "ಸರಿದು ಜಾಗ ಬಿಡ್ತೀನಿ."