ಅವನು ಕೊಟ್ಟ ಹೋತ

"ಏನ್ರೀ... ಕಣ್ಣಳತೆಯಲ್ಲಿ ಔಷಧಿ ಕುಡಿಸ್ತಾ ಇದ್ದೀರಾ?!"

ದನದ ಆಸ್ಪತ್ರೆಯ ಅಂಗಳದಲ್ಲಿ ಸಾಲು ನಿಂತಿದ್ದ ಜನರೆಲ್ಲಾ ಒಮ್ಮೆಲೇ ತಿರುಗಿ ನೋಡಿದರು. ಅಷ್ಟು ಜೋರಿತ್ತು ಆ ದನಿ.

ಕೂಗಿದವಳು ಸಿಡುಕಿ. ಹೆಸರು ಬೇರೆಯೇ ಇತ್ತು. ಆದರೆ ಸಾಕಿ ಬೆಳೆಸಿದ ದೊಡ್ಡಮ್ಮ ಹಾಗೆ ಕರೆದೂ ಕರೆದೂ ಅದೇ ಗಟ್ಟಿಯಾಗಿತ್ತು. ಹುಡುಗಿ ಚೆಲುವೆ, ಕೆಲಸಗಾತಿ, ಹಾಲು ಕರೆಯುವ ಮೇಕೆಗಳ ಒಂದು ಮಂದೆಯನ್ನೇ ನಡೆಸುತ್ತಿದ್ದವಳು. ಕೋಪ ಮಾತ್ರ ಮೂಗಿನ ತುದಿಯಲ್ಲೇ!

ಎದುರಿಗಿದ್ದ ಎತ್ತರದ ಆಳು ಮೇಕೆಯ ದವಡೆ ಹಿಡಿದುಕೊಂಡೇ ತಲೆ ಎತ್ತಿದ. ಕೈಯಲ್ಲಿ ಜಂತುಹುಳದ ಔಷಧಿಯ ಬಾಟಲಿ.

"ತೂಕ ನೋಡದೆ ಅರ್ಧಂಬರ್ಧ ಕುಡಿಸಿದ್ರೆ ಏನಾಗುತ್ತೆ ಗೊತ್ತಾ? ಬಡಪಾಯಿ ಹುಳ ಸಾಯುತ್ತೆ, ಗಟ್ಟಿ ಹುಳ ಉಳಿಯುತ್ತೆ. ಆ ಗಟ್ಟಿದೇ ಮೊಟ್ಟೆ ಇಡುತ್ತೆ. ಆಮೇಲೆ ಬಾಟಲಿಗಟ್ಟಲೆ ಸುರಿದರೂ, ಜಪ್ಪಯ್ಯ ಅಂದರೂ ಹೋಗಲ್ಲ! ನೀವು ಹುಳ ಸಾಯಿಸ್ತಿಲ್ಲ ಕಣ್ರೀ... ಹುಳಕ್ಕೆ ಟ್ಯೂಷನ್ ಹೇಳ್ತಿದ್ದೀರಾ!"

ಅಂಗಳವೆಲ್ಲಾ ಗೊಳ್ಳೆಂದಿತು.

ಅವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಬಾಟಲಿಗೆ ಮುಚ್ಚಳ ಹಾಕಿ ಕೇಳಿದ, "ತಕ್ಕಡಿ ಎಲ್ಲಿ ಸಿಗುತ್ತೆ?"

ಅಷ್ಟೇ! ಇನ್ನೂ ನಾಲ್ಕು ಮಾತು ಬೈಯಲು ಸಜ್ಜಾಗಿದ್ದ ಸಿಡುಕಿ ಅಂಗಡಿಯ ದಾರಿ ಹೇಳಿದಳು.

ಅವನನ್ನು ಎಲ್ಲರೂ ಗುಮ್ಮ ಎನ್ನುತ್ತಿದ್ದರು. ಬಾಯಿ ಬಿಟ್ಟರೆ ಮುತ್ತು ಉದುರುತ್ತದೇನೋ ಅನ್ನುವಂಥ ಗುಮ್ಮನಗುಸುಕ. ತಳಿಗೆಂದು ಹೋತ ಸಾಕಿ ಮಾರುವುದು ಅವನ ಕಸುಬು, ಜೊತೆಗೆ ಒಂದಷ್ಟು ಹಸುಗಳು. ತಕ್ಕಡಿ ಕೊಂಡ. ಅದನ್ನು ತೋರಿಸಲು ಅವಳ ಮನೆಗೆ ಬಂದ. ಮುಳ್ಳು ಸರಿಯಾಗಿ ನಿಲ್ಲುತ್ತಿಲ್ಲ ಎಂದು ಮತ್ತೆ ಬಂದ. ಮುಳ್ಳು ಸರಿಯಾಯಿತು ಎಂದು ಹೇಳಲು ಇನ್ನೊಮ್ಮೆ ಬಂದ!

"ಈ ಹುಡುಗನ ತಕ್ಕಡಿಗೆ ಅದೇನು ಕಾಯಿಲೆಯೋ," ಎಂದು ದೊಡ್ಡಮ್ಮ ಒಳಗೊಳಗೇ ನಕ್ಕಳು.

"ರೀ" ಹೋಗಿ "ಕಣೋ" ಬಂತು. ಬೈಗುಳ ಹಾಗೇ ಉಳಿಯಿತು, ಆದರೆ ಅವನು ಒಂದು ದಿನ ಬರದಿದ್ದರೆ ಬೈಯಲು ಯಾರೂ ಇಲ್ಲ ಎಂದು ಅವಳಿಗೆ ಊಟ ಸೇರುತ್ತಿರಲಿಲ್ಲ.

ಒಂದು ಸಂಜೆ ಅವನು ಹಗ್ಗ ಹಿಡಿದು ಬಂದ. ಹಗ್ಗದ ತುದಿಯಲ್ಲಿ ಒಂದು ಹೋತ. ಕಂದು ಮೈ, ಅಗಲವಾದ ಎದೆ, ರಾಜನ ಗತ್ತು. ಅವನ ಮಂದೆಯಲ್ಲೇ ಅಂಥದ್ದು ಇನ್ನೊಂದಿರಲಿಲ್ಲ.

"ನಿನಗೆ," ಅಂದ.

"ನನಗಾ...?"

"ಮಾರೋಕೆ ಮನಸ್ಸು ಬರಲಿಲ್ಲ. ಕೊಡೋಕೆ ಬಂತು."

ಅವನ ಬಾಯಲ್ಲಿ ಅಷ್ಟು ಉದ್ದದ ಮಾತು ಅವಳು ಕೇಳಿರಲೇ ಇಲ್ಲ. ಕೆನ್ನೆ ಬಿಸಿಯಾಯಿತು.

"ಒಂದು ವಿಷಯ... ಇದನ್ನ ಬೇರೆ ಕಟ್ಟು. ನನ್ನ ಮಂದೆಯಲ್ಲಿ..."

"ಅಯ್ಯೋ, ಗೊತ್ತು ಮಾರಾಯ! ಹೊಸ ಪ್ರಾಣಿ ಬಂದ್ರೆ ಬೇರೆ ಕಟ್ಟಬೇಕು, ಹಿಕ್ಕೆ ಪರೀಕ್ಷೆ ಮಾಡಿಸಬೇಕು, ಆಮೇಲೇ ಮಂದೆಗೆ ಬಿಡಬೇಕು. ನನಗೇ ಪಾಠ ಹೇಳ್ತೀಯಾ?"

ಅವನು ನಕ್ಕು ಹಗ್ಗವನ್ನು ಅವಳ ಕೈಗಿತ್ತ.

ಅವಳು ಹೋತವನ್ನು ಹಿಂದಿನ ಕೋಣೆಯಲ್ಲಿ ಕಟ್ಟಿದಳು, ನಿಜ. ಆದರೆ ಅದು ಒಂಟಿಯಾಗಿ ಕೂಗಿತು. ಕೂಗುತ್ತಲೇ ಇತ್ತು. ಬೆಳಿಗ್ಗೆ ಹೋಗಿ ನೋಡಿದರೆ ಮೇವು ಮುಟ್ಟಿಲ್ಲ, ಬಾಗಿಲಿಗೆ ತಲೆ ಒತ್ತಿ ನಿಂತಿದೆ. 'ಅವನು ಮನಸ್ಸಿಟ್ಟು ಕೊಟ್ಟಿದ್ದು... ಇದನ್ನ ಹೀಗೆ ಕೈದಿಯ ಹಾಗೆ ಇಡಲಾ? ಅವನ ಪ್ರಾಣಿಗೆ ಅದೆಂಥ ಹುಳ ಇದ್ದೀತು!' ಅನ್ನಿಸಿತು. ಊರಿಗೆಲ್ಲಾ ಬುದ್ಧಿ ಹೇಳುತ್ತಿದ್ದ ಅದೇ ಸಿಡುಕಿ ಅಗುಳಿ ಸರಿಸಿ ಬಾಗಿಲು ತೆಗೆದಳು!

ಪ್ರೀತಿ ಬಂದಾಗ ಬುದ್ಧಿ ಮೇಯಲು ಹೋಗಿರುತ್ತದೆ ನೋಡಿ.

ವಾರಗಳು ಕಳೆದವು. ಮೊದಲು ಮಂಕಾದದ್ದು ಬಿಳಿಕಿವಿ, ಮಂದೆಗೆಲ್ಲಾ ಮುಂದೆ ನಡೆಯುತ್ತಿದ್ದ ಹಳೆಯ ಮೇಕೆ. ದವಡೆಯ ಕೆಳಗೆ ನೀರು ತುಂಬಿ ಊದಿಕೊಂಡಿತು. ಸಿಡುಕಿ ಅದರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಕೆಂಪಗಿರಬೇಕಾದ ಜಾಗ ಕಾಗದದ ಹಾಗೆ ಬೆಳ್ಳಗಿತ್ತು. ಹೊಟ್ಟೆಯೊಳಗೆ ಹುಳ ಕೂತು ರಕ್ತ ಹೀರುತ್ತಿದೆ!

ತೂಕ ಹಾಕಿ, ಅಳತೆ ನೋಡಿ, ಇಡೀ ಮಂದೆಗೆ ಔಷಧಿ ಕುಡಿಸಿದಳು. ಬಿಳಿಕಿವಿ ಅವಳ ಮಡಿಲಲ್ಲೇ ತಲೆಯಿಟ್ಟು ಸತ್ತಿತು. ಹಿಂದೆಯೇ ಇನ್ನೊಂದು. ಆಮೇಲೆ ಹಾಲು ಕುಡಿಯುವ ಮೂರು ಮರಿಗಳ ತಾಯಿ ಒಂದು.

ದನದ ಆಸ್ಪತ್ರೆಯ ಡಾಕ್ಟರಮ್ಮ ಮನೆಗೇ ಬಂದು ಹಿಕ್ಕೆ ಒಯ್ದು ಪರೀಕ್ಷಿಸಿದರು. ಮಾರನೆಯ ದಿನ ಅವರ ಮುಖ ಗಂಭೀರವಾಗಿತ್ತು.

"ಔಷಧಿ ಕುಡಿಸಿದ ಮೇಲೂ ಹಿಕ್ಕೆಯ ತುಂಬಾ ಹುಳದ ಮೊಟ್ಟೆ ಇದೆ. ಈ ಔಷಧಿಗೆ ಈ ಹುಳ ಬಗ್ಗಲ್ಲ ಮಗಳೇ. ಹೋದ ಸಲ ನಿನ್ನ ಮಂದೆಯಲ್ಲಿ ಇದೇ ಔಷಧಿ ಚೆನ್ನಾಗಿ ಕೆಲಸ ಮಾಡಿತ್ತು. ಹೊಸದಾಗಿ ಏನಾದರೂ ಬಂತಾ?"

"ಒಂದು ಹೋತ... ಗುಮ್ಮ ಕೊಟ್ಟಿದ್ದು."

"ಅವನ ಮಂದೆಯದಾ? ಅಲ್ಲಿ ಈ ಔಷಧಿ ಕೆಲಸ ಬಿಟ್ಟು ಎಷ್ಟೋ ಕಾಲ ಆಯ್ತಲ್ಲ! ನಾನೇ ಅವನಿಗೆ ಹೇಳಿದ್ದೆ. ಬೇರೆ ಕಟ್ಟಿದ್ದೆ ತಾನೇ?"

ಸಿಡುಕಿ ಮುಖ ತಿರುಗಿಸಿದಳು.

"...ಕಟ್ಟಿದ್ದೆ."

ಸುಳ್ಳಲ್ಲ. ಒಂದು ರಾತ್ರಿ ಕಟ್ಟಿದ್ದಳು. ಆದರೆ ಆ ಮಾತು ಹೊರಬಿದ್ದ ಮರುಗಳಿಗೆ ಎದೆಯೊಳಗೆ ಇನ್ನೊಂದು ಮಾತು ಹೆಡೆಯೆತ್ತಿತು. 'ಅವನಿಗೆ ಗೊತ್ತಿತ್ತು! ಎಲ್ಲಾ ಗೊತ್ತಿದ್ದೂ ಕೊಟ್ಟ!' ಅದನ್ನು ಹಿಡಿದುಕೊಂಡರೆ ಬಾಗಿಲು ತೆಗೆದ ತನ್ನ ಕೈ ನೆನಪಾಗುತ್ತಿರಲಿಲ್ಲ. ಹಾಗಾಗಿ ಗಟ್ಟಿಯಾಗಿ ಹಿಡಿದುಕೊಂಡಳು.

ಮಾರನೆಯ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತ ಜನರ ನಡುವೆಯೇ ಗುಮ್ಮ ಸಿಕ್ಕ.

"ನಿಮ್ಮ ಮಂದೆಯಲ್ಲಿ ಔಷಧಿಗೆ ಬಗ್ಗದ ಹುಳ ಇತ್ತು ಅಂತ ನಿಮಗೆ ಗೊತ್ತಿತ್ತಾ?"

'ನೀನು' ಇದ್ದಲ್ಲಿ 'ನೀವು'! ಅವನ ಮುಖ ಬಿಳಿಚಿಕೊಂಡಿತು.

"ಗೊತ್ತಿತ್ತು. ಅವತ್ತೇ ಹೇಳೋಕೆ..."

"ಸಾಕು! ಕೇಳಿದ್ರಲ್ಲಾ ಎಲ್ಲರೂ? ಗೊತ್ತಿತ್ತಂತೆ! ಹೋತ ಅಲ್ಲ ಇವರು ಮಾರೋದು, ಹುಳ! ಹುಳದ ವ್ಯಾಪಾರಿ! ನನ್ನ ಬಿಳಿಕಿವಿಯನ್ನ ತಿಂದಿರಿ... ಮೂರು ಮರಿಗಳನ್ನ ತಬ್ಬಲಿ ಮಾಡಿದಿರಿ... ಇನ್ಮೇಲೆ ನನ್ನ ಮನೆ ಹೊಸ್ತಿಲು ತುಳಿದ್ರೆ ಕಾಲು ಮುರೀತೀನಿ!"

ಅವನು ಒಂದೇ ಒಂದು ಮಾತು ಕೇಳಿದ. "ಬೇರೆ ಕಟ್ಟಿದ್ದರೂ ಹರಡಿತಾ?"

"ಕಟ್ಟಿದ್ದೆ!" ಎಂದು ಅವಳು ಕಿರುಚಿದಳು.

ಅವನು ತಲೆ ತಗ್ಗಿಸಿ ಹೊರಟುಹೋದ.

ಬೆಂಕಿ ಹಚ್ಚುವುದು ಸುಲಭ! ಹುಳದ ವ್ಯಾಪಾರಿ ಅನ್ನುವ ಹೆಸರು ಹಬ್ಬಿತು. ಮುಂಗಡ ಮಾತಾಡಿದ್ದವರು ಹೋತ ಬೇಡ ಎಂದರು. ಡೈರಿಯಲ್ಲಿ ಅವನ ಪಕ್ಕ ನಿಲ್ಲಲೂ ಜನ ಹಿಂಜರಿದರು, ಹುಳ ಇವನ ಅಂಗಿಯಿಂದಲೇ ಹಾರಿ ಬರುತ್ತದೇನೋ ಎಂಬಂತೆ. ಇತ್ತ ಡಾಕ್ಟರಮ್ಮ ಬೇರೆ ಜಾತಿಯ ಔಷಧಿ ಕೊಟ್ಟು, "ಇದನ್ನ ಕಣ್ಣಿನ ಕೆಳರೆಪ್ಪೆ ಬೆಳ್ಳಗಿರೋ ಮೇಕೆಗೆ ಮಾತ್ರ ಕುಡಿಸು. ಎಲ್ಲಕ್ಕೂ ಸುರಿದ್ರೆ ಹುಳ ಇದಕ್ಕೂ ಬಗ್ಗದ ಹಾಗಾಗುತ್ತೆ," ಎಂದಿದ್ದರು. ಸಾವು ನಿಂತಿತು. ಸಿಡುಕಿಯ ಒಳಗಿನ ಉರಿ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ದೊಡ್ಡಮ್ಮ ಡೈರಿಯಿಂದ ಓಡೋಡಿ ಬಂದಳು.

"ಗುಮ್ಮ ತನ್ನ ಮಂದೆ ಪೂರ್ತಿ ಕಟುಕರ ಲಾರಿಗೆ ಹತ್ತಿಸ್ತಾ ಇದ್ದಾನೆ ಕಣೇ! ಒಂದನ್ನೂ ಉಳಿಸಲ್ಲವಂತೆ. ಬೇರೆ ಕಟ್ಟಿದರೂ ಹರಡೋ ಹುಳ ಅಂದ್ರೆ ಇನ್ನೊಬ್ಬರ ಮನೆ ಹಾಳಾಗೋದು ಬೇಡ ಅಂದನಂತೆ."

ಸಿಡುಕಿ ಹಾಲಿನ ಪಾತ್ರೆ ಕೆಳಗಿಟ್ಟಳು. "ಅವನಿಗೇನು ತಲೆ ಕೆಟ್ಟಿದೆಯಾ! ಅಷ್ಟು ವರ್ಷ ಸಾಕಿ... ಯಾರು ಹೇಳಿದ್ರು ಅವನಿಗೆ...?"

"ನೀನು ಹೇಳಿದೆ." ದೊಡ್ಡಮ್ಮನ ದನಿಯಲ್ಲಿ ಎಂದೂ ಇಲ್ಲದ ಬಿರುಸು. "ಅವತ್ತು ಬೆಳಿಗ್ಗೆ ನೀನು ಬಾಗಿಲು ತೆಗೆದದ್ದನ್ನ ನಾನು ನೋಡಿದೆ. ನೀನಾಗೇ ಹೇಳ್ತೀಯ ಅಂತ ಕಾದೆ. ಇಷ್ಟು ದಿನ ಆದರೂ ನಿನ್ನ ಬಾಯಿಂದ ಬರಲಿಲ್ಲ. ಥೂ! ಬೈಯೋಕೆ ಮಾತ್ರನಾ ನಿನಗೆ ಬಾಯಿರೋದು?"

ಸಿಡುಕಿ ಓಡಿದಳು. ಚಪ್ಪಲಿ ಹಾಕಿಕೊಂಡಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ.

ಅವನ ಮನೆಯ ಓಣಿಗೆ ಲಾರಿ ಹೋಗದು. ಹಾಗಾಗಿ ಡೈರಿಯ ಮುಂದೆಯೇ ನಿಲ್ಲಿಸಿದ್ದರು. ಅದೇ ಜಾಗ, ಅದೇ ಕ್ಯಾನು ಹಿಡಿದ ಜನ. ಗುಮ್ಮ ಒಂದು ಮೇಕೆಯನ್ನು ಎದೆಗವಚಿಕೊಂಡು ಹಲಗೆ ಹತ್ತುತ್ತಿದ್ದ. ಕಣ್ಣು ಕೆಂಡವಾಗಿತ್ತು.

"ಇಳಿಸು ಅದನ್ನ!"

ಅವನು ತಿರುಗಿಯೂ ನೋಡಲಿಲ್ಲ.

"ಇಳಿಸು ಅಂದೆ! ನಾನು ಬೇರೆ ಕಟ್ಟಲಿಲ್ಲ ಕಣೋ! ಒಂದು ರಾತ್ರಿ ಕಟ್ಟಿದೆ, ಬೆಳಿಗ್ಗೆ ನಾನೇ ಕೈಯಾರೆ ಬಿಟ್ಟೆ! ಪರೀಕ್ಷೆನೂ ಮಾಡಿಸಲಿಲ್ಲ. ನೀನು ಹೇಳೋಕೆ ಬಂದೆ, ನಾನು ಬಾಯಿ ಮುಚ್ಚಿಸಿದೆ. ಬಿಳಿಕಿವಿಯನ್ನ ಕೊಂದಿದ್ದು ನಾನು!" ಅವಳು ಜನರ ಕಡೆ ತಿರುಗಿದಳು. "ಕೇಳಿಸ್ತಾ ಎಲ್ಲರಿಗೂ? ಅವತ್ತು ಕಿವಿ ನಿಮಿರಿಸಿಕೊಂಡು ಕೇಳಿದ್ರಲ್ಲ, ಇವತ್ತೂ ಕೇಳಿ! ಇವನು ಹುಳದ ವ್ಯಾಪಾರಿ ಅಲ್ಲ. ನಾನು ಸುಳ್ಳಿ!"

ಗುಮ್ಮ ಮೇಕೆಯನ್ನು ನಿಧಾನವಾಗಿ ಕೆಳಗಿಳಿಸಿದ. ಹತ್ತಿರ ಬಂದ.

ಅವನು ಸಮಾಧಾನ ಮಾಡುತ್ತಾನೆ ಅಂದುಕೊಂಡಿರಾ? ಅವಳೂ ಹಾಗೇ ಅಂದುಕೊಂಡಿದ್ದಳು.

"ಒಂದು ಮಾತು!" ಗುಮ್ಮ ಗುಡುಗಿದ. ಅವನ ಗಂಟಲಲ್ಲಿ ಅಂಥ ದನಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. "ಒಂದೇ ಒಂದು ಮಾತು ಹೇಳೋಕೆ ಆಗಲಿಲ್ವಾ ನಿನಗೆ? ಊಟ ಮಾಡೋಕಾಗದೆ ಸತ್ತೆ ಕಣೇ ನಾನು! ಯಾವ ಹುಳ ಇದು, ಬೇರೆ ಕಟ್ಟಿದರೂ ಹೇಗೆ ಹರಡಿತು ಅಂತ ತಲೆ ಚಚ್ಚಿಕೊಂಡೆ! ಜನ ಉಗಿದ್ರು, ಉಗಿಸಿಕೊಂಡೆ. ನಾನು ಕಣ್ಣಳತೆಯಲ್ಲಿ ಕುಡಿಸಿ ಕುಡಿಸಿ ಬೆಳೆಸಿದ ಹುಳ, ನನ್ನ ಪಾಪ ಅಂತ ಸುಮ್ಮನಿದ್ದೆ. ಇವುಗಳನ್ನೆಲ್ಲಾ ಸಾಯೋಕೆ ಕಳಿಸ್ತಾ ಇದ್ದೆ... ನೀನು ನೋಡ್ತಾ ಕೂತಿದ್ದೆಯಲ್ಲೇ!"

ಅವಳು ಬೈಯಲಿಲ್ಲ. ಕಣ್ಣೀರು ದಳದಳ ಇಳಿಯಿತು.

"ಎಲ್ಲರಿಗೂ ಬುದ್ಧಿ ಹೇಳೋಳು... ಯಾಕೆ ಬಿಟ್ಟೆ ಅದನ್ನ?"

"ನೀನು ಕೊಟ್ಟಿದ್ದು ಅಂತ..."

"ಏನು?"

"ನೀನು ಕೊಟ್ಟಿದ್ದು ಅಂತ ಕಣೋ! ಅದು ಅಳ್ತಾ ಇತ್ತು. ನೀನೇ ಬಾಗಿಲ ಹೊರಗೆ ನಿಂತು ಕರೆದ ಹಾಗಾಯ್ತು. ಬೇರೆ ಯಾರು ಕೊಟ್ಟಿದ್ರೂ ನಾನು ಬಿಡ್ತಿರಲಿಲ್ಲ... ನಿನ್ನ ಮೇಲೆ ಇಷ್ಟ ಇಟ್ಟು ನನ್ನ ಮಂದೆಯನ್ನ ನಾನೇ ಹಾಳು ಮಾಡಿಕೊಂಡೆ. ಅದಕ್ಕೇ ನಿನ್ನ ಮೇಲೆ ಅಷ್ಟು ಕೋಪ ಬಂದಿದ್ದು!"

ಹಿಂದಿನಿಂದ ಲಾರಿಯವನು, "ಸ್ವಾಮಿ, ಹತ್ತಿಸ್ತೀರೋ ಇಳಿಸ್ತೀರೋ?" ಎಂದು ಗೊಣಗಿದ.

"ಇಳಿಸಿ," ಅಂದ ಗುಮ್ಮ.

ಕ್ಯಾನು ಕೆಳಗಿಟ್ಟು ಇಬ್ಬರು ಮುಂದೆ ಬಂದು ಮೇಕೆ ಇಳಿಸಲು ಕೈ ಹಾಕಿದರು. ಒಬ್ಬರಿಗೂ ಅವನ ಮುಖ ನೋಡುವ ಧೈರ್ಯವಿರಲಿಲ್ಲ. ಲಾರಿ ಹೋದ ಮೇಲೆ ಮೇಕೆಗಳ ಹಿಂದೆ ಇಬ್ಬರೂ ಓಣಿಯಲ್ಲಿ ನಡೆದರು. ಅವನು ಒಂದು ಬದಿ, ಅವಳು ಇನ್ನೊಂದು ಬದಿ.

"ಕೋಪ ಹೋಗಿಲ್ಲ ನನಗೆ," ಅಂದ ಅವನು.

"ಗೊತ್ತು."

"ಇವತ್ತೇ ಹೋಗಲ್ಲ."

"ಹೋಗೋವರೆಗೂ ಬೈ. ಕೇಳ್ತೀನಿ."

ಹಿಂದುಳಿದ ಒಂದು ಮೇಕೆಯನ್ನು ಅವಳು ಮುಂದಕ್ಕೆ ಅಟ್ಟಿದಳು.

"ನಿನ್ನ ಹೊಲದ ಹುಲ್ಲಿನ ತುಂಬಾ ಈಗ ಆ ಹುಳದ ಮರಿಗಳಿವೆ," ಅವನೇ ಶುರುಮಾಡಿದ. "ನನ್ನ ಹಸುಗಳನ್ನ ಅಲ್ಲಿ ಮೇಯಿಸೋಣ. ಮೇಕೆ ಹುಳ ಹಸುವಿನ ಹೊಟ್ಟೆಗೆ ಹೋದರೆ ಹೆಚ್ಚಿನವು ಬದುಕಲ್ಲ ಅಂತ ಡಾಕ್ಟರಮ್ಮ ಹೇಳಿದ್ರು. ನಿನ್ನ ಮೇಕೆಗಳು ನನ್ನ ಹಸು ಮೇಯ್ದ ಹೊಲಕ್ಕೆ ಬರಲಿ. ಆಮೇಲೆ ಬದಲಾಯಿಸೋಣ."

"ಆಮೇಲೆ?"

"ಮತ್ತೆ ಬದಲಾಯಿಸೋಣ."

"ಎಲ್ಲಿವರೆಗೆ?"

"ಔಷಧಿಗೆ ಬಗ್ಗದ ಹುಳ ಒಂದು ಸಲ ಹೊಲಕ್ಕೆ ಬಂದ್ರೆ ಪೂರ್ತಿ ಹೋಗಲ್ಲವಂತೆ. ಎಚ್ಚರವಾಗಿದ್ದು ನಿಭಾಯಿಸಬೇಕಂತೆ..." ಅವನು ಅವಳತ್ತ ನೋಡಿದ. "ಜೀವನಪೂರ್ತಿ."

ಅವಳು ಸೆರಗಿನಿಂದ ಮೂಗೊರೆಸಿಕೊಂಡಳು.

"ಅಂದ್ರೆ ಜೀವನಪೂರ್ತಿ ದಿನಾ ಬೆಳಿಗ್ಗೆ ನಿನ್ನ ಈ ಮುಖ ನೋಡಬೇಕಾ ನಾನು?"

"ನೋಡಬೇಕು."

ಮೇಕೆಗಳು ಮುಂದೆ ಹೋಗಿ ಅವನ ಮನೆಯ ಕಡೆ ತಿರುಗಿದವು. ಅವಳು ಓಣಿ ದಾಟಿ ಅವನ ಬದಿಗೆ ಬಂದಳು.

"...ಸರಿ," ಅಂದಳು. ಹುಟ್ಟಿದಾಗಿನಿಂದ ಮೊದಲ ಸಲ, ಒಂದೇ ಮಾತಿಗೆ.