ಬೂದಿ ಹಚ್ಚಿದ ಸಕ್ಕರೆ

"ಸರ್, ಅದು ಹತ್ತೂದಿಲ್ರಿ. ಬರೇ ಕರಗತೈತಿ."

ರಾಯಬಾಗದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ತೃಪ್ತಿ, ಪಕ್ಕದ ತರಗತಿಯ ಬಾಗಿಲಲ್ಲಿ ನಿಂತು ನಕ್ಕಳು. ಹೊಸ ವಿಜ್ಞಾನ ಮೇಷ್ಟ್ರು ಶೀತಲ್, ಮಕ್ಕಳೆದುರು ಸಕ್ಕರೆ ಕ್ಯೂಬಿಗೆ ಬೆಂಕಿಕಡ್ಡಿ ಹಿಡಿದಿದ್ದ.

"ಗೊತ್ತೈತ್ರಿ ಮೇಡಂ. ಆ ದೇವರ ಫೋಟೋದ ಮುಂದಿನ ಊದಿನಕಡ್ಡಿ ಬೂದಿ ಒಂದೀಟು ಕೊಡ್ರಿ."

ಕೊಡುವಾಗ ಬೆರಳಿಗೆ ಬೆರಳು ತಾಗಿತು. ಬೂದಿ ಸವರಿದ ಸಕ್ಕರೆ ಭಗ್ಗನೆ ಹತ್ತಿಕೊಂಡಿತು!

"ನೋಡ್ರೋ, ಬೂದಿ ಇಲ್ಲಿ ಕ್ಯಾಟಲಿಸ್ಟ್. ಸಕ್ಕರಿ ಉರೀಬೇಕಂದ್ರ ದೊಡ್ಡ ದಿಬ್ಬ ಏರಬೇಕು. ಬೂದಿ ಸಣ್ಣ ದಾರಿ ತೋರಸ್ತೈತಿ. ಕೆಲಸ ಮುಗದ ಮ್ಯಾಲ ಅದು ಮಾತ್ರ ಇದ್ದಂಗ ಉಳೀತೈತಿ."

ಇದ್ದಂಗ ಉಳೀತೈತಿ... ತೃಪ್ತಿಗೆ ಚುಚ್ಚಿತು. ಕನ್ಯೆ ನೋಡುವ ಮನೆಗಳಲ್ಲಿ ಎರಡೂ ಕಡೆಯವರ ಬಾಯಿ ಬಿಡಿಸಲು ಬಳಗದವರೆಲ್ಲ ಅವಳನ್ನೇ ಕರೆದೊಯ್ಯುತ್ತಿದ್ದರು. ಎಷ್ಟೋ ಮದುವೆಗಳು ಕೂಡಿಬಂದವು. ಅವಳು ಮಾತ್ರ ಇದ್ದ ಹಾಗೇ.

ಬರಬರುತ್ತ ಶೀತಲನ ಮೇಲೆ ಮನಸ್ಸಾಯಿತು. ಆಗಲೇ ಅವನೂ ಕೇಳಿದ: "ರವಿವಾರ ಅಥಣಿಗೆ ಕನ್ಯಾ ನೋಡಾಕ ಹೊಂಟೇವ್ರಿ. ನೀವು ಬಂದ್ರ ಮಾತು ಮುಂದ ಹೋಗತಾವು."

ಯಾರಿಗೆ ಎಂದು ಅವಳು ಕೇಳಲಿಲ್ಲ. ಬೂದಿಗೆ ಕೇಳುವ ಹಕ್ಕೆಲ್ಲಿದೆ...

ಅಥಣಿಯಲ್ಲಿ ಹುಡುಗಿ ಕುಸುಮ ಅವಲಕ್ಕಿ ತಂದಿಟ್ಟಳು. ಎಲ್ಲರೂ ತಟ್ಟೆ ನೋಡುತ್ತ ತಿನ್ನತೊಡಗಿದರು. ಅಳು ನುಂಗಿಕೊಂಡು ತೃಪ್ತಿಯೇ ಮಾತು ಶುರುಮಾಡಿದಳು.

"ಕುಸುಮಾ, ಇದಕ ಉಪ್ಪ ಹಾಕಿಲ್ಲ ನೀ. ಇವರೆಲ್ಲಾ ಸುಮ್ಮನ ತಿನ್ನಾಕತ್ತಾರ ನೋಡು."

ಮನೆಯೆಲ್ಲ ನಕ್ಕಿತು. ನಾಚಿದ ಕುಸುಮ ಕದ್ದು ನೋಡಿದ್ದು ಶೀತಲನ ತಮ್ಮ ಸುಹಾಸನನ್ನು. ಅವನ ಕಿವಿ ಕೆಂಪಾದವು.

ಅಂದರೆ... ವರ ಇವನೇ?

ಕುಸುಮಳ ಅಜ್ಜಿ ಮಾತ್ರ ನಗಲಿಲ್ಲ. "ದೊಡ್ಡಾವ ಹಂಗ ಕುಂತಾನ, ಸಣ್ಣಾವಂದು ಮೊದಲ ಹೆಂಗ? ಏನ್ ಐಬ ಐತಿ ಅವಂಗ? ಅವಂದಾಗೂತನಾ ನಮ್ಮ ಹುಡುಗೀನ ಕೊಡೂದಿಲ್ಲ."

ಸುಹಾಸನ ಮುಖ ಬಾಡಿತು. ಶೀತಲ್ ತಟ್ಟೆ ಕೆಳಗಿಟ್ಟ.

"ನನಗ ಹುಡುಗಿ ಸಿಕ್ಕಾಳ್ರಿ ಆಯಿ. ಕೇಳಾಕ ಧೈರ್ಯ ಆಗಿಲ್ಲ."

"ಯಾರಕಿ?"

"ನಿಮ್ಮ ಅವಲಕ್ಕಿಗೆ ಉಪ್ಪಿಲ್ಲ ಅಂದ್ಳಲ್ರಿ... ಅಕಿನ."

ತೃಪ್ತಿಯ ಕೈಯಿಂದ ಚಮಚ ಜಾರಿತು.

"ಅಯ್ಯ, ಮನ್ಯಾಗ ಹೇಳಾಕ ಏನಾಗಿತ್ತೋ ನಿನಗ!" ಶೀತಲನ ತಾಯಿ ಮಗನ ಬೆನ್ನಿಗೊಂದು ಗುದ್ದಿದರು.

ತೃಪ್ತಿ ತುಂಬಿದ ಕಣ್ಣಲ್ಲೇ ಅವನತ್ತ ನೋಡಿದಳು. "ಇಷ್ಟು ದಿನ ಬೇಕಾತೇನ್ರಿ?"

"ದಿಬ್ಬ ದೊಡ್ಡದಿತ್ರಿ. ಆಯಿ ಸಣ್ಣ ದಾರಿ ತೋರಿಸಿದ್ರು. ಹೂಂ ಅಂತೀರಿ?"

"ಹೂಂ."

ಇಬ್ಬರಲ್ಲ, ನಾಲ್ವರು ಮದುಮಕ್ಕಳ ಬಾಯಿಗೆ ಸಕ್ಕರೆ ಬಿತ್ತು. ಅಜ್ಜಿ ಏನೂ ಆಗದವರಂತೆ ತಟ್ಟೆ ಮುಂದೆ ಸರಿಸಿದರು. "ಯಾರರ ಉಪ್ಪ ತರ್ರಿ ಮೊದಲ."

ಶೀತಲ್ ಅಜ್ಜಿಯತ್ತ ಕಣ್ಣು ತೋರಿಸಿ ಪಿಸುಗುಟ್ಟಿದ: "ನೋಡ್ರಿ, ಬೂದಿ ಇದ್ದಂಗ ಐತಿ."

"ನಾ ಮಾತ್ರ ಇದ್ದಂಗ ಇಲ್ರಿ," ಎಂದಳು ತೃಪ್ತಿ.