ಲಾಂಚಿನ ಮುಂದಿನ ಹಲಗೆ

"ಮುಂದ ಹೋಗಿ ಕುಂದ್ರು. ತೂಕ ಸರಿ ಆಗಬೇಕು," ಎಂದು ಇಸಾಕ ಪ್ರತಿ ಸಲ ಹೇಳುತ್ತಿದ್ದ.

ಬಷೀರಾ ಪ್ರತಿ ಸಲ ಹೋಗಿ ಕೂರುತ್ತಿದ್ದಳು. ಮುಂದಿನ ಹಲಗೆಯ ಮೇಲೆ ಕೂತರೆ ಮುಖ ಹಿಂದಕ್ಕೆ, ಅಂದರೆ ಎಂಜಿನ್ನಿನ ಬಳಿ ನಿಂತ ಇಸಾಕನ ಕಡೆಗೆ. ಗುಬ್ಬಿಯಂಥ ಹುಡುಗಿಯಿಂದ ಲಾಂಚಿನ ತೂಕ ಏನು ಸರಿಯಾದೀತು? ಅದು ಅವಳಿಗೂ ಗೊತ್ತಿತ್ತು. "ಇವತ್ತು ತೂಕ ಸರಿ ಆಯ್ತೇನು?" ಎಂದು ಹುಬ್ಬೇರಿಸಿ ಕೇಳುವಳು. ಉತ್ತರ ಬರುವ ಮೊದಲೇ ಓಢಣಿಯ ಅಂಚು ಕಚ್ಚಿ ನೀರಿನ ಕಡೆ ತಿರುಗುವಳು. ಇಸಾಕನ ಕಿವಿ ಕೆಂಪಾಗುವುದು.

ಕುಂಚಾವರಂ ಕಾಡಿನಲ್ಲಿ ಡ್ಯಾಂ ಕಟ್ಟಿದ ಮೇಲೆ ಹಿನ್ನೀರು ಸುತ್ತುವರಿದು ಒಂದು ಗುಡ್ಡ ನಡುಗಡ್ಡೆಯಾಗಿತ್ತು. ಸರ್ಕಾರ ಅಲ್ಲಿ ಜಿಂಕೆ ಬಿಟ್ಟು ಪಾರ್ಕ್ ಎಂದು ಬೋರ್ಡು ಹಾಕಿತು. ನೋಡುವವರನ್ನು ದಾಟಿಸಲು ಈ ಲಾಂಚ್, ನಡೆಸಲು ಇಸಾಕ. ನಡುಗಡ್ಡೆಯಲ್ಲಿದ್ದ ಮನೆ ಒಂದೇ, ಕಾವಲುಗಾರ ನಬೀಸಾಬನದು. ಅವನ ಮಗಳೇ ಬಷೀರಾ. ಸಂತೆಗೆ ಹೋಗಿಬರಲು ಅವಳಿಗೆ ಈ ಲಾಂಚೇ ಗತಿ.

ಇಸಾಕ ತಂದೆತಾಯಿ ಇಲ್ಲದವನು. ಸಂಬಂಧ ಕೇಳಲು ವಾಡಿಯಿಂದ ಖಾಲಾ, ಅಂದರೆ ತಾಯಿಯ ತಂಗಿ ಜಾನಬಿ ಬರಬೇಕಿತ್ತು. ಸಫರ್ ತಿಂಗಳು ಮುಗಿಯಲಿ ಎಂದಳು ಆಕೆ. ಆ ತಿಂಗಳಲ್ಲಿ ಮದುವೆಯ ಮಾತೆತ್ತಿದರೆ ಕೇಡು ಎಂದು ಹಿರಿಯರ ನಂಬಿಕೆ. ಹಿರಿಯರು ಮಾತಾಡುವ ಮೊದಲು ಹುಡುಗಿಯ ಹತ್ತಿರ ಬಾಯಿಬಿಡುವುದು ಮರ್ಯಾದೆಯಲ್ಲವೆಂದು ಇಸಾಕನೂ ತಡೆದುಕೊಂಡ, ಹುಚ್ಚಪ್ಪ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಆ ಬಂಗಾರವೇ ಅವನ ಮನೆ ಹಾಳುಮಾಡಿತು.

ಆ ತಿಂಗಳಲ್ಲೇ ಚಿತ್ತಾಪುರದ ಹಮೀದಾಬೇಗಂ ಎಂಬಾಕೆ ಟಿಫಿನ್ ಕ್ಯಾರಿಯರ್ ಹಿಡಿದು ಜಿಂಕೆ ನೋಡಲು ಬಂದಳು. ಜೊತೆಗೆ ಹೆಗಲಿಗೆ ಟ್ರಾನ್ಸಿಸ್ಟರ್ ಹಾಕಿಕೊಂಡ ಮಗ. ತಿರುಗಿ ಬರುವಾಗ, ಕಾವಲುಗಾರನ ಮಗಳು ಹೇಗೆ ಎಂದು ಆಕೆ ನಡುನೀರಿನಲ್ಲಿ ಸುಮ್ಮನೆ ಕೇಳಿದಂತೆ ಕೇಳಿದಳು.

ಯಾರಾದರೂ ಕೇಳಲಿ ಎಂದೇ ಕಾದಿದ್ದವನಂತೆ ಇಸಾಕ ಶುರುಮಾಡಿದ. ಅವಳ ಕೈಯ ಜೋಳದ ರೊಟ್ಟಿ, ತಾಯಿ ಸತ್ತ ಮೇಲೆ ಅವಳು ಮನೆ ನಡೆಸಿದ ರೀತಿ, ತಬ್ಬಲಿ ಜಿಂಕೆಮರಿಗೆ ಹಾಲು ಕುಡಿಸಿ ಬದುಕಿಸಿದ್ದು, ನಗು ಬಂದಾಗ ಓಢಣಿ ಕಚ್ಚುವುದು. ಜನ್ಮದಲ್ಲಿ ಅವನು ಅಷ್ಟು ಮಾತಾಡಿರಲಿಲ್ಲ. "ಅಂಥಾ ಹುಡುಗಿ ಸಿಗಬೇಕಂದ್ರ ನಸೀಬ್ ಬೇಕ್ರಿ," ಎಂದು ಮುಗಿಸಿದ. ಹಮೀದಾಬೇಗಂ ಮಗನ ಮುಖ ನೋಡಿದಳು. ಮಗ ನಾಚಿ ನಕ್ಕ. ಇಸಾಕ ತನ್ನ ಖುಷಿಯಲ್ಲಿ ಅದೊಂದನ್ನೂ ಗಮನಿಸಲಿಲ್ಲ.

ಸಫರ್ ಮುಗಿದ ಮರುದಿನ ಅವನು ಲಾಂಚನ್ನು ಬದಲಿ ಆಳಿಗೆ ಒಪ್ಪಿಸಿ ಖಾಲಾಳನ್ನು ಕರೆತರಲು ವಾಡಿಗೆ ಹೋದ. ತಿರುಗಿ ಬಂದಾಗ ನಬೀಸಾಬ್ ದಡದಲ್ಲೇ ನಿಂತಿದ್ದ. ಹತ್ತಿರ ಬಂದವನೇ ಇಸಾಕನ ಬಾಯಿಗೆ ಸಕ್ಕರೆ ಹಾಕಿದ.

"ಚಿತ್ತಾಪುರದವರು ಬಂದು ಹೋದ್ರು. ಜಬಾನ್ ಕೊಟ್ಟೆ, ಮಾತು ಪಕ್ಕಾ ಆಯ್ತು. ಲಾಂಚಿನ ಹುಡುಗನ ಮಾತು ಕೇಳೇ ಮನಸ್ಸು ಮಾಡಿದ್ವಿ ಅಂದ್ರು. ನಿನ್ನ ಉಪಕಾರ ಹ್ಯಾಂಗ ತೀರಿಸಲಿ ಬೇಟಾ?"

ಜಾನಬಿ ತಾನು ತಂದ ಹೂವಿನ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಬಾಯಿತುಂಬ ಸಕ್ಕರೆ ಇಟ್ಟುಕೊಂಡು ಇಸಾಕ ಏನು ಹೇಳಿಯಾನು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಿಕಾಹ್ ಆದ ದಿನ ಲಾಂಚಿನ ತುಂಬ ಜನ. ಮದುಮಗನೂ ಗಂಡಸರೂ ಮುಂದೆ ಕೂತರು. ಕೆಂಪು ಮುಸುಕಿನ ಬಷೀರಾ ತಾನಾಗಿಯೇ ಹಿಂದಿನ ಹಲಗೆಗೆ ಬಂದು ಇಸಾಕನಿಗೆ ಬೆನ್ನು ಮಾಡಿ ಕೂತಳು. ಎಂಜಿನ್ನಿನ ಸದ್ದಿನಲ್ಲಿ ಅವಳ ದನಿ ಅವನೊಬ್ಬನಿಗೇ ಕೇಳಿತು.

"ಅವರ ಮುಂದ ಅಷ್ಟೆಲ್ಲ ಹೇಳಿದಿ. ಅದ್ರಾಗ ಒಂದು ಮಾತು ನನ್ನ ಮುಂದ ಹೇಳಿದ್ರ ಸಾಕಿತ್ತು. ನಮ್ಮ ಅಬ್ಬಾ ಕೇಳಿದಾಗ ನಾ ಒಲ್ಲೆ ಅಂತಿದ್ದೆ."

"ಸಫರ್ ಮುಗೀಲಿ ಅಂತ ಕುಂತೆ."

"ನಾನೂ ಕುಂತಿದ್ದೆ, ಮುಂದಿನ ಹಲಗಿ ಮ್ಯಾಲ."

ಅವಳ ಹೆಗಲು ಅಲುಗಿತು. ತವರು ಬಿಡುವ ಅಳು ಎಂದುಕೊಂಡು ಹಮೀದಾಬೇಗಂ ಹತ್ತಿರ ಸರಿದು ಬೆನ್ನು ಸವರಿದಳು. ಇಸಾಕನ ಕೈ ತನ್ನ ಕೆಲಸ ಮಾಡಿತು, ದಡ ಬಂತು. ಅವಳು ಇಳಿದು ಹೋದಳು, ತಿರುಗಿ ನೋಡಲಿಲ್ಲ.

ಮರುದಿನ ಶಹಾಬಾದಿನ ಒಂದು ಸಂಸಾರ ಲಾಂಚ್ ಹತ್ತಿತು. ಆಚೆ ನೋಡುವಂಥದ್ದು ಏನಿದೆ ಎಂದು ಯಜಮಾನ ಕೇಳಿದ.

ಇಸಾಕ ಖಾಲಿಯಿದ್ದ ಮುಂದಿನ ಹಲಗೆಯನ್ನು ನೋಡಿದ.

"ಏನಿಲ್ರಿ ಅಲ್ಲಿ," ಎಂದು ಎಂಜಿನ್ ಚಾಲು ಮಾಡಿದ.